ಶನಿ: ನಾಲ್ಕು ತಾಲ್ಲೂಕಿನ ಟಿಪ್ಪಣಿಗಳು

1
ಚನ್ನಗಿರಿ. ಶನಿವಾರ ಬೆಳಿಗ್ಗೆ. ದಿನಸಿ ಅಂಗಡಿಯ ಮುಂದೆ ಎಣ್ಣೆ ಬಾಟಲಿಗಳ ಸಾಲು. ಬಾಟಲಿಯ ಚೀಟಿಯಲ್ಲಿ ದೀಪದ ಚಿತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ: ಪೂಜೆಗೆ ಮಾತ್ರ, ಅಡುಗೆಗೆ ಬಳಸಬಾರದು. ಬಂದವರು ‘ಶನಿಗೆ ಎಳ್ಳೆಣ್ಣೆ ಕೊಡಿ’ ಎಂದು ಕೇಳುತ್ತಾರೆ. ಅಂಗಡಿಯವರು ಇದನ್ನೇ ಕೊಡುತ್ತಾರೆ. ಚೀಟಿಯಲ್ಲಿ ಎಳ್ಳಿನ ಹೆಸರಿಲ್ಲ.

2
ಶನಿಯ ಲೋಹ ಕಬ್ಬಿಣ. ದಾನ ಕೊಡುವುದೂ ಕಬ್ಬಿಣವನ್ನೇ. ಗ್ರಹದ ಬಹುಪಾಲು ಹೈಡ್ರೋಜನ್, ಆಮೇಲೆ ಹೀಲಿಯಂ. ಸರಾಸರಿ ಸಾಂದ್ರತೆ ಘನ ಸೆಂಟಿಮೀಟರಿಗೆ 0.69 ಗ್ರಾಂ. ನೀರಿನದು 1 ಗ್ರಾಂ. ಕಬ್ಬಿಣದ್ದು 7.87. ಎಂಟು ಗ್ರಹಗಳಲ್ಲಿ ನೀರಿಗಿಂತ ಹಗುರವಾದದ್ದು ಇದೊಂದೇ.

3
ಬಟ್ಟೆ ಕಪ್ಪು, ಎಳ್ಳು ಕಪ್ಪು, ಕಾಗೆ ಕಪ್ಪು, ವಿಗ್ರಹ ಕಪ್ಪು, ರತ್ನ ನೀಲಿ. ದುರ್ಬೀನಿನಲ್ಲಿ ಗ್ರಹ ತಿಳಿಹಳದಿ. ಮೇಲಿನ ಪದರದಲ್ಲಿ ಅಮೋನಿಯಾ ಹರಳುಗಳ ಮಬ್ಬು ಇದೆ.

4
ಆದರೂ ನೀಲಿ ಇದೆ. 2004ರಲ್ಲಿ ಕ್ಯಾಸಿನಿ ನೌಕೆ ತಲುಪಿದಾಗ ಶನಿಯ ಉತ್ತರಾರ್ಧದಲ್ಲಿ ಚಳಿಗಾಲ. ಉಂಗುರಗಳ ನೆರಳು ಅಲ್ಲಿ ಬಿದ್ದಿತ್ತು. ಆ ಭಾಗ ನೀಲಿಯಾಗಿ ಕಂಡಿತು. ಬಿಸಿಲು ಬಂದಂತೆ ಹಳದಿಗೆ ತಿರುಗಿತು.

5
ಪುರಾಣದಲ್ಲಿ ಶನಿಯ ತಂದೆ ಸೂರ್ಯ, ತಾಯಿ ಛಾಯೆ.

6
ಶನಿ ಸೂರ್ಯನಿಂದ ಸುಮಾರು 143 ಕೋಟಿ ಕಿ.ಮೀ. ದೂರದಲ್ಲಿದೆ. ಭೂಮಿಗಿಂತ ಒಂಬತ್ತೂವರೆ ಪಟ್ಟು ಆಚೆ. ಅಲ್ಲಿ ಬೀಳುವ ಬಿಸಿಲು ಇಲ್ಲಿಯ ಬಿಸಿಲಿನ ಸುಮಾರು 90ರಲ್ಲಿ ಒಂದು ಭಾಗ. ಕ್ಯಾಸಿನಿ ನೌಕೆ ಸೌರಫಲಕ ಒಯ್ಯಲಿಲ್ಲ. ಪ್ಲುಟೋನಿಯಂ ಒಯ್ದಿತು.

7
ಕರ್ನಾಟಕದಲ್ಲಿ ಶನಿ ದೇವಸ್ಥಾನ ಎಂದರೆ ಬಹಳ ಜನರಿಗೆ ತುಮಕೂರು ಜಿಲ್ಲೆಯ ಪಾವಗಡ. ಅದೇ ತಾಲ್ಲೂಕಿನಲ್ಲಿ 13,000 ಎಕರೆಯಲ್ಲಿ ಸೌರ ಫಲಕಗಳನ್ನು ಹಾಸಿದ್ದಾರೆ. 2,050 ಮೆಗಾವ್ಯಾಟ್. ಮಗನ ಊರಿಗೆ ತಂದೆ ಬಂದದ್ದು ಆಮೇಲೆ.

8
ಗುಡಿಯಲ್ಲಿ ನವಗ್ರಹಗಳ ಕಟ್ಟೆ. ಒಂಬತ್ತು ವಿಗ್ರಹ, ಒಬ್ಬರ ಮುಖ ಇನ್ನೊಬ್ಬರು ನೋಡದಂತೆ ನಿಲ್ಲಿಸಿದ್ದಾರೆ. ಸೂರ್ಯ ನಡುವೆ. ಶನಿಯ ಮುಂದೆ ನೆಲ ಎಣ್ಣೆ ಕುಡಿದು ಜಾರುತ್ತದೆ. ಗುರು, ಬುಧ, ಶುಕ್ರರ ಮುಂದೆ ನೆಲ ಒಣಗಿದೆ.

9
ಶನಿಗೆ ನೇರ ಎದುರು ಯಾರೂ ನಿಲ್ಲುವುದಿಲ್ಲ. ಪಕ್ಕಕ್ಕೆ ಸರಿದು ಕೈ ಮುಗಿಯುತ್ತಾರೆ. ದೃಷ್ಟಿ ಬೀಳಬಾರದು ಎನ್ನುತ್ತಾರೆ.

10
ಅರ್ಚಕರನ್ನು ಕೇಳಿದೆ, ‘ಸ್ವಾಮಿ, ಈಗ ಶನಿ ಎಲ್ಲಿದೆ?’
‘ಮೀನದಲ್ಲಿ.’
‘ಆಕಾಶದಲ್ಲಿ ಯಾವ ಕಡೆಗೆ?’
ಅವರು ಪಂಚಾಂಗ ತೆಗೆದರು.

11
ಒಂದು ಸುತ್ತಿಗೆ 29.46 ವರ್ಷ. ರಾಶಿ ಹನ್ನೆರಡು. ಒಂದು ರಾಶಿಗೆ ಸುಮಾರು ಎರಡೂವರೆ ವರ್ಷ. ಹುಟ್ಟಿದ ರಾಶಿ, ಅದರ ಹಿಂದಿನದು, ಮುಂದಿನದು, ಮೂರೂ ಸೇರಿ ಏಳೂವರೆ. ಸಾಡೇಸಾತಿ ಎಂದರೆ ಇಷ್ಟೇ ಗಣಿತ. ಕಟ್ಟುನಿಟ್ಟಾಗಿ ಭಾಗಿಸಿದರೆ ಏಳು ವರ್ಷ ನಾಲ್ಕೂವರೆ ತಿಂಗಳು. ಒಂದೂವರೆ ತಿಂಗಳು ಹೆಚ್ಚಿಗೆ ಅನುಭವಿಸುತ್ತಿದ್ದೇವೆ.

12
ಶನಿಯ ಅಕ್ಷ 26.7 ಡಿಗ್ರಿ ಓರೆ. ಭೂಮಿಯದು 23.4. ಹಾಗಾಗಿ ಅಲ್ಲಿಯೂ ನಾಲ್ಕು ಋತು. ಒಂದೊಂದು ಋತು ಸರಾಸರಿ ಏಳು ವರ್ಷ ನಾಲ್ಕೂವರೆ ತಿಂಗಳು.

13
ಮೂರು ರಾಶಿಗೆ ಸಾಡೇಸಾತಿ ಎಂದಮೇಲೆ, ಯಾವ ಹೊತ್ತಿನಲ್ಲಿ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರು ಅದರೊಳಗೆ. ಹೊನ್ನಾಳಿ ಬಸ್ಸಿನಲ್ಲಿ ಕೂತವರ ಕಾಲುಭಾಗ.

14
ಈಗ ಕುಂಭ, ಮೀನ, ಮೇಷಕ್ಕೆ ಸಾಡೇಸಾತಿ. ಸಿಂಹಕ್ಕೆ ಅಷ್ಟಮ ಶನಿ. ವೃಶ್ಚಿಕಕ್ಕೆ ಪಂಚಮ ಶನಿ. ಧನುವಿಗೆ ಅರ್ಧಾಷ್ಟಮ. ಒಟ್ಟು ಆರು. ಅರ್ಧ ಬಸ್ಸು.

15
ಉಳಿದ ಆರು ರಾಶಿಯವರೂ ಎಣ್ಣೆ ತರುತ್ತಾರೆ. ‘ಇರಲಿ ಅಂತ’ ಎಂದರು ಒಬ್ಬರು.

16
ಆರ್ಯಭಟ ಕ್ರಿ.ಶ. 499ರಲ್ಲಿ ಕೊಟ್ಟ ಲೆಕ್ಕ: 43,20,000 ವರ್ಷಗಳ ಒಂದು ಮಹಾಯುಗದಲ್ಲಿ ಶನಿ 1,46,564 ಸುತ್ತು ಸುತ್ತುತ್ತದೆ. ಭಾಗಿಸಿದರೆ ಒಂದು ಸುತ್ತಿಗೆ 10,766 ದಿನ. ಇಂದಿನ ಅಳತೆ 10,759. ದುರ್ಬೀನು ಇಲ್ಲದ ಕಾಲ. ವ್ಯತ್ಯಾಸ ಒಂದು ವಾರ.

17
ವಾರದ ದಿನಗಳ ಸಾಲು ಎಲ್ಲಿಂದ ಬಂತು ಎಂದು ಹೋರೆ ಲೆಕ್ಕದಲ್ಲಿ ನೋಡಿದೆ. ಗ್ರಹಗಳನ್ನು ನಿಧಾನದಿಂದ ವೇಗಕ್ಕೆ ಬರೆದುಕೊಳ್ಳಬೇಕು: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ಗಂಟೆಗೆ ಒಂದರಂತೆ ಹಂಚಿದರೆ ಮೊದಲ ಗಂಟೆ ಶನಿಗೆ. 25ನೇ ಗಂಟೆ, ಅಂದರೆ ಮರುದಿನದ ಮೊದಲ ಗಂಟೆ, ರವಿಗೆ. ಅದರ ಮರುದಿನ ಚಂದ್ರನಿಗೆ, ಆಮೇಲೆ ಕುಜನಿಗೆ. ಪಟ್ಟಿಯಲ್ಲಿ ಮೊದಲು ನಿಂತ ಶನಿ ನಮ್ಮ ವಾರದಲ್ಲಿ ಕೊನೆ.

18
ಶನಿವಾರ ಬೆಳಗಿನ ಶಾಲೆ. ಮಕ್ಕಳು ಊಟದ ಹೊತ್ತಿಗೆ ಮನೆಗೆ ಬರುತ್ತಾರೆ. ಶನಿಗ್ರಹದಲ್ಲಿ ಹಗಲು ರಾತ್ರಿ ಸೇರಿ 10 ಗಂಟೆ 33 ನಿಮಿಷ. ಹಗಲಿನ ಪಾಲು ಐದೂಕಾಲು ಗಂಟೆ.

19
ಈ 10 ಗಂಟೆ 33 ನಿಮಿಷ ಖಚಿತವಾದದ್ದು 2019ರಲ್ಲಿ. ಅಲ್ಲಿ ಗುರುತಿಟ್ಟು ನೋಡಲು ಗಟ್ಟಿ ನೆಲವಿಲ್ಲ. ಮೋಡಗಳು ಒಂದೊಂದು ಅಕ್ಷಾಂಶದಲ್ಲಿ ಒಂದೊಂದು ವೇಗದಲ್ಲಿ ಓಡುತ್ತವೆ. ಗ್ರಹದ ಒಡಲು ಅದುರಿದಾಗ ಉಂಗುರಗಳಲ್ಲಿ ಅಲೆ ಏಳುತ್ತದೆ. ಅಲೆ ಎಣಿಸಿ ದಿನ ಅಳೆದರು.

20
ಸುತ್ತುವುದರಲ್ಲಿ ನಿಧಾನ, ತಿರುಗುವುದರಲ್ಲಿ ಅವಸರ. ಈ ತಿರುಗಾಟಕ್ಕೆ ಗ್ರಹ ಚಪ್ಪಟೆಯಾಗಿದೆ. ಅಡ್ಡಗಲ 1,20,536 ಕಿ.ಮೀ. ಮೇಲಿಂದ ಕೆಳಕ್ಕೆ 1,08,728 ಕಿ.ಮೀ.

21
ಚನ್ನಗಿರಿ ಸುತ್ತ ಅಡಿಕೆ ತೋಟ. ತೋಟದೊಳಗೆ ನಿಂತರೆ ದಿಗಂತ ಇಲ್ಲ. ತಲೆಯ ಮೇಲೆ ಮಾತ್ರ ತುಂಡು ಆಕಾಶ. ಗ್ರಹ ಮೂಡಿ ಎರಡು ಮೂರು ಗಂಟೆ ಕಳೆದ ಮೇಲೆ ಸೋಗೆಗಳ ನಡುವೆ ಬರುತ್ತದೆ, ಮತ್ತೆ ಸೋಗೆಗೆ ಸೇರುತ್ತದೆ.

22
ಶನಿಯ ಮುಖ್ಯ ಉಂಗುರಗಳ ಅಗಲ, ಈ ತುದಿಯಿಂದ ಆ ತುದಿಗೆ, ಸುಮಾರು 2,80,000 ಕಿ.ಮೀ. ದಪ್ಪ ಹೆಚ್ಚಿನ ಕಡೆ ಹತ್ತು ಮೀಟರಿನ ಆಸುಪಾಸು. ಫಲಕ್ಕೆ ಬಂದ ಅಡಿಕೆ ಮರ ಅದಕ್ಕಿಂತ ಎತ್ತರ.

23
ಅಷ್ಟು ತೆಳುವಾದ್ದರಿಂದ ಪಕ್ಕದಿಂದ ನೋಡಿದರೆ ಉಂಗುರ ಕಾಣುವುದಿಲ್ಲ. ಸುಮಾರು ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಗೆಲಿಲಿಯೋ 1610ರಲ್ಲಿ ಶನಿಯ ಎರಡು ಪಕ್ಕ ಎರಡು ಉಂಡೆ ಕಂಡ. 1612ರಲ್ಲಿ ನೋಡಿದಾಗ ಉಂಡೆಗಳಿಲ್ಲ. ರೋಮನ್ನರ ಕಥೆಯಲ್ಲಿ ಈ ದೇವತೆ ತನ್ನ ಮಕ್ಕಳನ್ನು ನುಂಗುತ್ತಾನೆ. ಗೆಲಿಲಿಯೋಗೆ ಆ ಕಥೆ ನೆನಪಾಯಿತು.

24
ಅದು ಉಂಗುರ ಎಂದು ಹೇಳಿದವನು ಹಾಲೆಂಡಿನ ಹೈಗೆನ್ಸ್. 1659ರಲ್ಲಿ ಪ್ರಕಟಿಸಿದ. ಉಂಗುರದ ನಡುವೆ ಸಂದು ಇದೆ ಎಂದು 1675ರಲ್ಲಿ ಕಂಡವನು ಖಗೋಳಜ್ಞ ಕ್ಯಾಸಿನಿ. ಸಂದಿನ ಅಗಲ 4,800 ಕಿ.ಮೀ.

25
ಹಸ್ತಸಾಮುದ್ರಿಕದಲ್ಲಿ ನಡುಬೆರಳು ಶನಿಯದು. ಕುದುರೆ ಲಾಳದ ಕಬ್ಬಿಣದಿಂದ ಮಾಡಿದ ಉಂಗುರವನ್ನು ಆ ಬೆರಳಿಗೆ ಹಾಕುತ್ತಾರೆ. ಗ್ರಹಕ್ಕೂ ಉಂಗುರವಿದೆ ಎಂದು ಬೆರಳಿನವರಿಗೆ ಯಾರೂ ಹೇಳಿರಲಿಲ್ಲ.

26
2025 ಮಾರ್ಚ್ 23. ಭೂಮಿಗೆ ಉಂಗುರಗಳ ಅಂಚು ಮಾತ್ರ ಎದುರಾಯಿತು. ಶನಿ ಆಗ ಸೂರ್ಯನ ಹತ್ತಿರವೇ ಇದ್ದುದರಿಂದ ನೋಡಲು ಆಗಲಿಲ್ಲ.

27
2025 ಮಾರ್ಚ್ 29. ಶನಿ ಕುಂಭದಿಂದ ಮೀನಕ್ಕೆ ಬಂತು. ಶನಿವಾರ. ಅಮಾವಾಸ್ಯೆ. ಪಾರ್ಶ್ವ ಸೂರ್ಯಗ್ರಹಣ, ಭಾರತದಲ್ಲಿ ಗೋಚರವಿಲ್ಲ. ಮರುದಿನ ಯುಗಾದಿ. ಟಿ.ವಿ. ಚಾನೆಲ್‌ಗಳಿಗೆ ಒಂದೇ ವಾರದಲ್ಲಿ ಇಷ್ಟು ಸರಕು ಸಿಕ್ಕಿತು. 23ರ ಸುದ್ದಿಗೆ ಜಾಗ ಉಳಿಯಲಿಲ್ಲ.

28
ಕಾರೈಕಾಲ್ ಹತ್ತಿರದ ತಿರುನಳ್ಳಾರಿನಲ್ಲೂ ಶನಿ ದೇವಸ್ಥಾನ ಇದೆ. ಅಲ್ಲಿ ವಾಕ್ಯ ಪಂಚಾಂಗ. ಆ ಲೆಕ್ಕಕ್ಕೆ ಶನಿ ಮೀನಕ್ಕೆ ಬಂದದ್ದು 2026ರ ಮಾರ್ಚ್‌ನಲ್ಲಿ. ಒಂದೇ ಗ್ರಹ, ಒಂದೇ ರಾಶಿ, ನಡುವೆ ಒಂದು ವರ್ಷ. ಆ ವರ್ಷದಲ್ಲಿ ಮಕರದವರಿಗೆ ಸಾಡೇಸಾತಿ ಮುಗಿದಿತ್ತೋ ಇಲ್ಲವೋ?

29
ದೃಕ್ ಲೆಕ್ಕದಂತೆ 2027 ಜೂನ್‌ನಲ್ಲಿ ಶನಿ ಮೇಷಕ್ಕೆ ಹೋಗುತ್ತದೆ. ಅಕ್ಟೋಬರ್‌ನಲ್ಲಿ ಮೀನಕ್ಕೆ ವಾಪಸು. 2028 ಫೆಬ್ರವರಿಯಲ್ಲಿ ಮತ್ತೆ ಮೇಷ. ಭೂಮಿ ಒಳಸುತ್ತಿನಲ್ಲಿ ಬೇಗ ಓಡಿ ಶನಿಯನ್ನು ಹಿಂದೆ ಹಾಕುವಾಗ ಶನಿ ಹಿಂದಕ್ಕೆ ಹೋದಂತೆ ಕಾಣುತ್ತದೆ. ಪಂಚಾಂಗದಲ್ಲಿ ಇದು ವಕ್ರ. ಪ್ರತಿವರ್ಷ ಸುಮಾರು ನಾಲ್ಕೂವರೆ ತಿಂಗಳು.

30
1997 ಆಗಸ್ಟ್ 15: ದಾವಣಗೆರೆ ಜಿಲ್ಲೆ ಹುಟ್ಟಿತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಗ ಹೊನ್ನಾಳಿಯೊಳಗೆ.
1997 ಅಕ್ಟೋಬರ್ 15: ಕ್ಯಾಸಿನಿ ನೌಕೆ ಫ್ಲಾರಿಡಾದಿಂದ ಶನಿಗೆ ಹೊರಟಿತು.

31
ಜಿಲ್ಲೆ ಹುಟ್ಟಿದಾಗ ಶನಿ ಮೀನದಲ್ಲಿತ್ತು. ಈಗಲೂ ಮೀನದಲ್ಲಿದೆ. ಜಿಲ್ಲೆಗೆ ಶನಿಯ ಲೆಕ್ಕದಲ್ಲಿ ಒಂದು ವರ್ಷ ತುಂಬುತ್ತಾ ಬಂತು.

32
ಸಂಖ್ಯಾಶಾಸ್ತ್ರದಲ್ಲಿ ಶನಿಯ ಸಂಖ್ಯೆ 8. ಗಾಡಿ ಕೊಳ್ಳುವವರು ನಂಬರ್ ಕೂಡಿಸಿ 8 ಬಂದರೆ ಬೇರೆ ನಂಬರ್ ಕೇಳುತ್ತಾರೆ. ಅದಕ್ಕೆ ದುಡ್ಡನ್ನೂ ಕಟ್ಟುತ್ತಾರೆ. ಕೂಡಿಸುವುದು ಕೊನೆಯ ನಾಲ್ಕು ಅಂಕಿಗಳನ್ನು. ದಾವಣಗೆರೆ ಜಿಲ್ಲೆಯ ಗಾಡಿಗಳಿಗೆ ಕೆಎ-17. ಒಂದು, ಏಳು.

33
ಈ ತಾಲ್ಲೂಕುಗಳು ಬಿಟ್ಟು ಬಂದ ಶಿವಮೊಗ್ಗ ಕೆಎ-14. ಚಿತ್ರದುರ್ಗ ಕೆಎ-16.

34
ಜಾನಸ್ ಮತ್ತು ಎಪಿಮೀಥಿಯಸ್ ಶನಿಯ ಎರಡು ಉಪಗ್ರಹಗಳು. ಎರಡರ ದಾರಿಗಳ ನಡುವೆ ಸುಮಾರು 50 ಕಿ.ಮೀ. ಅಂತರ. ನಾಲ್ಕು ವರ್ಷಕ್ಕೊಮ್ಮೆ ಹತ್ತಿರ ಬಂದು ದಾರಿ ಬದಲಾಯಿಸಿಕೊಳ್ಳುತ್ತವೆ. ಒಳಗಿನದು ಹೊರಕ್ಕೆ, ಹೊರಗಿನದು ಒಳಕ್ಕೆ. ಡಿಕ್ಕಿ ಆಗಿಲ್ಲ.

35
ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು. ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ಆದ ವಿಜಯನಗರ ಜಿಲ್ಲೆಗೆ ಸೇರಿತು. ಊರು ಇದ್ದಲ್ಲೇ ಇದೆ.

36
1997ರಲ್ಲಿ ಶನಿಗೆ ಗೊತ್ತಿದ್ದ ಉಪಗ್ರಹ 18. 2025 ಮಾರ್ಚ್‌ನಲ್ಲಿ ಒಮ್ಮೆಗೇ 128 ಸೇರಿಸಿದರು. ಆಗ ಒಟ್ಟು 274 ಆಯಿತು. ಬೇರೆಲ್ಲ ಗ್ರಹಗಳ ಉಪಗ್ರಹ ಕೂಡಿಸಿದರೂ ಇಷ್ಟಾಗುವುದಿಲ್ಲ. ಹೊಸ 128 ಉಪಗ್ರಹಗಳೂ ಕೆಲವೇ ಕಿ.ಮೀ. ಗಾತ್ರದ ಬಂಡೆಗಳು.

37
ನ್ಯಾಮತಿ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದಾರೆ. ಕಾಗೆ ಬಂದರೆ ತಗಡು ಬಡಿಯುತ್ತಾರೆ. ಮಹಾಲಯ ಅಮಾವಾಸ್ಯೆಯ ದಿನ ಅದೇ ಮನೆಯವರು ಮಾಳಿಗೆ ಮೇಲೆ ಎಡೆ ಇಟ್ಟು ಕಾಗೆಯನ್ನು ಕೂಗಿ ಕರೆಯುತ್ತಾರೆ. ಕಾಗೆ ಶನಿಯ ವಾಹನ. ತಗಡಿಗೂ ಬರುತ್ತದೆ, ಎಡೆಗೂ ಬರುತ್ತದೆ.

38
ಬೆಳಗುತ್ತಿ ಹತ್ತಿರದ ಗುಡ್ಡದ ಮೇಲೆ ತೀರ್ಥರಾಮೇಶ್ವರ. ಬೇಸಿಗೆಯಲ್ಲೂ ನೀರು ಬತ್ತದ ಚಿಲುಮೆ. ರಾಮೇಶ್ವರಕ್ಕೆ ಹೋದರೂ ಶನೇಶ್ವರನ ಕಾಟ ತಪ್ಪಲಿಲ್ಲ ಎಂಬ ಗಾದೆ ಇಲ್ಲಿಯೂ ಚಾಲ್ತಿಯಲ್ಲಿದೆ. ಗಾದೆ ಹೇಳಿದ ಹಿರಿಯರು ಗುಡ್ಡ ಹತ್ತಿ ಇಳಿದು ಬಂದವರು.

39
ಶನಿವಾರ ಊರೂರಿಗೂ ಆಂಜನೇಯನ ಗುಡಿಯಲ್ಲಿ ಜನ. ಶನಿ ಹೆಗಲೇರಿದರೆ ಇಳಿಸುವವನು ಆಂಜನೇಯ. ವಾರ ಒಬ್ಬರದು, ಪೂಜೆ ಇನ್ನೊಬ್ಬರಿಗೆ.

40
ಶನಿಮಹಾತ್ಮೆಯ ಕಥೆ. ವಿಕ್ರಮ ರಾಜ ಶನಿಯನ್ನು ಹೀಗಳೆದ. ಏಳೂವರೆ ವರ್ಷದಲ್ಲಿ ರಾಜ್ಯ ಹೋಯಿತು, ಕಳ್ಳತನದ ಆರೋಪ ಬಂತು, ಕೈಕಾಲು ಕತ್ತರಿಸಿದರು. ಗಾಣಿಗನ ಮನೆಯಲ್ಲಿ ಗಾಣದ ಮೇಲೆ ಕೂತು ಎತ್ತು ಹೊಡೆದ. ರಾಜ ಗಾಣದ ಸುತ್ತ ಸುತ್ತಿದ, ಶನಿ ಸೂರ್ಯನ ಸುತ್ತ ಕಾಲು ಸುತ್ತು ಮುಗಿಸಿತು, ಕೈಕಾಲು ಮರಳಿ ಬಂದವು.

41
ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ಇದೇ ಕಥೆ ರಾತ್ರಿಯಿಡೀ ನಾಟಕ. ಶನಿಯ ಪಾತ್ರಕ್ಕೆ ದಪ್ಪ ದನಿಯವರು ಬೇಕು. ಪಾತ್ರಕ್ಕೆ ಹೆಚ್ಚು ದುಡ್ಡು ಕಟ್ಟುವುದೂ ಅವರೇ.

42
2017ರಲ್ಲಿ ಕನ್ನಡ ಟಿ.ವಿ.ಯಲ್ಲಿ ‘ಶನಿ’ ಧಾರಾವಾಹಿ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್ 15ರಂದು ಕ್ಯಾಸಿನಿ ನೌಕೆಯನ್ನು ಶನಿಯ ಮೋಡಗಳೊಳಗೆ ಬೀಳಿಸಿ ಸುಟ್ಟರು. ಇಂಧನ ಮುಗಿಯುತ್ತಿತ್ತು. ಎನ್ಸೆಲಡಸ್ ಎಂಬ ಉಪಗ್ರಹದಲ್ಲಿ ಮಂಜುಗಡ್ಡೆಯ ಕೆಳಗೆ ನೀರು ಇದೆ. ನೌಕೆಗೆ ಅಂಟಿದ ಭೂಮಿಯ ಸೂಕ್ಷ್ಮಜೀವಿ ಅಲ್ಲಿಗೆ ಹೋಗಬಾರದು ಎಂಬುದು ಕಾರಣ.

43
ಮಡಿ ಅಲ್ಲಿಯೂ ಇದೆ.

44
ಜಗಳೂರು ಮಳೆನೆರಳಿನ ತಾಲ್ಲೂಕು. ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ: ಆರಿದ್ರಾ, ಪುಷ್ಯ, ಮಖೆ, ಹುಬ್ಬೆ, ಉತ್ತರೆ. ಹುಬ್ಬೆ ಬಂದಿತೆ, ಉತ್ತರೆ ಕೈಕೊಟ್ಟಿತೆ ಎಂದು ಮಾತು. ಗ್ರಹದ ಹೆಸರಿನ ಮಳೆ ಒಂದೂ ಇಲ್ಲ.

45
ಶನಿಯ ಉಂಗುರಗಳು ಬಹುಪಾಲು ನೀರಿನ ಮಂಜುಗಡ್ಡೆ. ಅದು ಕಣಕಣವಾಗಿ ಗ್ರಹದ ಮೇಲೆ ಬೀಳುತ್ತಿದೆ. ವಿಜ್ಞಾನಿಗಳು ಇದನ್ನು ಉಂಗುರಮಳೆ ಎನ್ನುತ್ತಾರೆ. 2018ರಲ್ಲಿ ಪ್ರಕಟವಾದ ಅಳತೆ: ಸೆಕೆಂಡಿಗೆ 432ರಿಂದ 2,870 ಕಿಲೋ. ಈ ಲೆಕ್ಕದಲ್ಲಿ 30 ಕೋಟಿ ವರ್ಷದೊಳಗೆ ಉಂಗುರ ಖಾಲಿ.

46
ಟೈಟನ್ ಶನಿಯ ದೊಡ್ಡ ಉಪಗ್ರಹ. ಬುಧ ಗ್ರಹಕ್ಕಿಂತ ದೊಡ್ಡದು. ಅಲ್ಲಿ ಮೀಥೇನ್ ಮಳೆ, ಮೀಥೇನ್ ಹೊಳೆ, ಮೀಥೇನ್ ಕೆರೆ. ಅಲ್ಲಿಯ ಕೆರೆಗಳಿಗೆ ಭೂಮಿಯ ಕೆರೆಗಳ ಹೆಸರಿಡುವ ಪದ್ಧತಿ. ಮಣಿಪುರದ ಲೋಕ್ತಾಕ್ ಹೆಸರು ಅಲ್ಲಿದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಹೆಸರಿಲ್ಲ. ಈ ಕೆರೆಗೆ ಸರ್ಕಾರಿ ಕಡತದಲ್ಲಿ ಶಾಂತಿಸಾಗರ ಎಂಬ ಇನ್ನೊಂದು ಹೆಸರೂ ಉಂಟು.

47
ಟೈಟನ್ನಿನ ಕ್ರಾಕನ್ ಎಂಬ ಸಮುದ್ರ ಕರ್ನಾಟಕದ ಎರಡು ಪಟ್ಟಿಗಿಂತ ದೊಡ್ಡದು. 2005 ಜನವರಿ 14ರಂದು ಹೈಗೆನ್ಸ್ ಎಂಬ ಪುಟ್ಟ ನೌಕೆ ಟೈಟನ್ನಿನ ನೆಲಕ್ಕಿಳಿಯಿತು. ಸಂಕ್ರಾಂತಿಯ ದಿನ. ಇಳಿದ ಜಾಗ ಒದ್ದೆ ಮರಳಿನಂತಿತ್ತು. ಚಿತ್ರದಲ್ಲಿ ನುಣುಪಾದ ದುಂಡು ಕಲ್ಲುಗಳು. ಅವು ಕಲ್ಲಲ್ಲ, ಕಲ್ಲಿನಷ್ಟು ಗಟ್ಟಿಯಾದ ನೀರು.

48
ಐಯಾಪಿಟಸ್ ಎಂಬ ಉಪಗ್ರಹ. ಒಂದು ಮೈ ಕಪ್ಪು, ಇನ್ನೊಂದು ಮೈ ಬಿಳಿ. ಕ್ಯಾಸಿನಿ 1671ರಲ್ಲಿ ಇದನ್ನು ಶನಿಯ ಪಶ್ಚಿಮಕ್ಕೆ ಕಂಡ. ಪೂರ್ವಕ್ಕೆ ಬಂದಾಗ ಕಾಣಲಿಲ್ಲ. ಕಪ್ಪು ಮೈ ತಿರುಗಿಸಿರಬೇಕು ಎಂದು ಊಹಿಸಿದ. ಪೂರ್ವದಲ್ಲಿ ಅದನ್ನು ಕಂಡದ್ದು 1705ರಲ್ಲಿ, ದೊಡ್ಡ ದುರ್ಬೀನು ಸಿಕ್ಕ ಮೇಲೆ.

49
ಶನಿಯ ಉತ್ತರ ಧ್ರುವದಲ್ಲಿ ಆರು ಮೂಲೆಯ ಗಾಳಿ. ಒಂದೊಂದು ಬದಿ ಭೂಮಿಯ ವ್ಯಾಸಕ್ಕಿಂತ ಉದ್ದ. ವಾಯೇಜರ್ ಚಿತ್ರಗಳನ್ನು ಜೋಡಿಸುವಾಗ 1988ರಲ್ಲಿ ಗೊತ್ತಾಯಿತು. ಮೂಲೆಗಳು ಇನ್ನೂ ಅಳಿಸಿಲ್ಲ.

50
ಶನಿ ಯಂತ್ರದಲ್ಲಿ ಒಂಬತ್ತು ಮನೆ. ಮೇಲಿನ ಸಾಲು 12, 7, 14. ನಡುವಿನದು 13, 11, 9. ಕೆಳಗಿನದು 8, 15, 10. ಅಡ್ಡ, ಉದ್ದ, ಮೂಲೆ, ಹೇಗೆ ಕೂಡಿಸಿದರೂ 33. ತಾಮ್ರದ ತಗಡಿನ ಮೇಲೆ ಅಚ್ಚು ಹಾಕಿ ಮಾರುತ್ತಾರೆ.

51
ಸುಮಾರು ಮೂವತ್ತು ವರ್ಷಕ್ಕೊಮ್ಮೆ ಶನಿಯ ಮೇಲೆ ದೊಡ್ಡ ಬಿಳಿ ಮಚ್ಚೆ ಏಳುತ್ತದೆ. ಬಿರುಗಾಳಿ. 1933ರದನ್ನು ಮೊದಲು ಕಂಡವನು ವಿಲ್ ಹೇ. ಇಂಗ್ಲೆಂಡಿನ ಸಿನಿಮಾ, ನಾಟಕಗಳ ಹಾಸ್ಯನಟ. ರಾತ್ರಿ ಮನೆಯ ದುರ್ಬೀನಿನಲ್ಲಿ ನೋಡುತ್ತಿದ್ದ.

52
ಗುರು ಐದು ಸುತ್ತು ಹಾಕಿದರೆ 59.3 ವರ್ಷ. ಶನಿ ಎರಡು ಸುತ್ತು ಹಾಕಿದರೆ 58.9. ಸಂವತ್ಸರಗಳು ಅರವತ್ತು. ಅರವತ್ತು ತುಂಬಿದವರಿಗೆ ಮಕ್ಕಳು ಶಾಂತಿ ಮಾಡಿಸುತ್ತಾರೆ, ಮತ್ತೊಮ್ಮೆ ತಾಳಿ ಕಟ್ಟಿಸುತ್ತಾರೆ.

53
2020 ಡಿಸೆಂಬರ್ 21ರ ಸಂಜೆ ಗುರು, ಶನಿ ಒಂದಕ್ಕೊಂದು ಅಂಟಿದಂತೆ ಕಂಡವು. 1623ರ ನಂತರ ಅಷ್ಟು ಹತ್ತಿರ ಬಂದಿರಲಿಲ್ಲ. ನೋಡಿದವರು ಮಾಸ್ಕ್ ಹಾಕಿಕೊಂಡು ದೂರ ದೂರ ನಿಂತಿದ್ದರು.

54
ಉಂಗುರ ಶನಿಗೆ ಮಾತ್ರ ಎಂದು 1977ರವರೆಗೆ ತಿಳಿದಿದ್ದರು. ಆ ವರ್ಷ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವುದಿತ್ತು. ಮರೆಯಾಗುವ ಮೊದಲೇ ನಕ್ಷತ್ರ ಮಿಣುಕಿತು. ಅಡ್ಡ ಬಂದದ್ದು ಉಂಗುರ. ಹಾಗೆ ಮಿಣುಕಿದ್ದನ್ನು ದಾಖಲಿಸಿದ ಕೆಲವೇ ದುರ್ಬೀನುಗಳಲ್ಲಿ ಕಾವಲೂರಿನದೂ ಒಂದು. ಅದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ್ದು. ಯುರೇನಸ್‌ಗೆ ನವಗ್ರಹ ಕಟ್ಟೆಯಲ್ಲಿ ಜಾಗವಿಲ್ಲ.

55
ಚನ್ನಗಿರಿ, ಹೊನ್ನಾಳಿ ತಾಲ್ಲೂಕಿನ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿವೆ. ಜಗಳೂರಿನವು 11ರಲ್ಲಿ. ದಾನದ ಕಲ್ಲುಗಳ ನೆತ್ತಿಯಲ್ಲಿ ಸೂರ್ಯ, ಚಂದ್ರ ಇರುತ್ತವೆ. ಅವಿರುವ ತನಕ ದಾನ ನಡೆಯಲಿ ಎಂದು ಅರ್ಥ. ಸೂರ್ಯಗ್ರಹಣ, ಚಂದ್ರಗ್ರಹಣ, ಸಂಕ್ರಾಂತಿಯಂದು ಬಿಟ್ಟ ದಾನಗಳೂ ಉಂಟು. ನೆತ್ತಿಯಲ್ಲಿ ಶನಿಯನ್ನು ಕೆತ್ತಿದ ಕಲ್ಲು ನನ್ನ ಕಣ್ಣಿಗೆ ಬಿದ್ದಿಲ್ಲ.

56
ಜಗಳೂರಿನ ಆಗ್ನೇಯಕ್ಕೆ ಚಳ್ಳಕೆರೆ. ಅಲ್ಲಿಯ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಚಂದ್ರನ ಕುಳಿಗಳಂಥ ಕುಳಿಗಳನ್ನು ತೋಡಿಸಿತು. ಚಂದ್ರಯಾನದ ಉಪಕರಣಗಳನ್ನು ಅವುಗಳ ಮೇಲೆ ಹಾರಿಸಿ ಪರೀಕ್ಷಿಸಿದರು. ಭಾರತದಿಂದ ಶನಿಗೆ ಯಾವ ನೌಕೆಯೂ ಹೋಗಿಲ್ಲ. ಹೋದವು ನಾಲ್ಕು: 1979ರಲ್ಲಿ ಪಯನೀರ್ 11, 1980ರಲ್ಲಿ ವಾಯೇಜರ್ 1, 1981ರಲ್ಲಿ ವಾಯೇಜರ್ 2, 2004ರಲ್ಲಿ ಕ್ಯಾಸಿನಿ. ನಾಲ್ಕೂ ಅಮೆರಿಕದಿಂದ ಹಾರಿದವು.

57
ಜಗಳೂರು ಕಡೆ ಹೊಲದಲ್ಲಿ ಕುರಿ ಮಂದೆ ತಂಗಿತ್ತು. ಕಂಬಳಿ ಹೊದ್ದ ಹಿರಿಯರೊಬ್ಬರು ಬೆಳಗಿನ ಬೆಳ್ಳಿ ತೋರಿಸಿದರು. ಹೊತ್ತು ಎಷ್ಟಾಯಿತು ಎಂದು ಆಕಾಶ ನೋಡಿ ಹೇಳಿದರು. ನಾನು, ‘ಅಜ್ಜಾ, ಶನಿ ಯಾವುದು?’ ಎಂದೆ.
‘ಅದನ್ನ ನೋಡಬಾರ್ದು ಸಾರ್.’

58
ನೆತ್ತಿಯ ಹತ್ತಿರ, ಮಿನುಗದ ಹಳದಿ ಚುಕ್ಕೆ. ಅವರು ಅಷ್ಟು ಹೊತ್ತು ಅದರ ಕೆಳಗೇ ಕೂತಿದ್ದರು.

59
ಆ ಬೆಳಕು ಶನಿಯನ್ನು ಬಿಟ್ಟು ಇಲ್ಲಿಗೆ ಬರಲು ಸುಮಾರು ಒಂದೂಕಾಲು ಗಂಟೆ ಬೇಕು. ದಾವಣಗೆರೆಯಿಂದ ಜಗಳೂರಿಗೆ ಬಸ್ಸು ತೆಗೆದುಕೊಳ್ಳುವ ಹೊತ್ತು.

60
ಶನಿವಾರ ಎಣ್ಣೆ ಹಾಕಿದವರನ್ನು, ಉಂಗುರ ತೊಟ್ಟವರನ್ನು, ಗಾಡಿ ನಂಬರ್ ಬದಲಿಸಿದವರನ್ನು ಕೇಳಿದ್ದೇನೆ. ಶನಿ ಎಲ್ಲಿ ಎಂದರೆ ಗುಡಿಯ ದಾರಿ ತೋರಿಸಿದರು. ಕೆಲವರು ತಮ್ಮ ಜಾತಕ ತೋರಿಸಿದರು. ಒಬ್ಬರು ಅಳಿಯನ ಹೆಸರು ಹೇಳಿದರು.

61
2026 ಅಕ್ಟೋಬರ್ 4ರಂದು ಶನಿ ಸೂರ್ಯನಿಗೆ ನೇರ ಎದುರು ಬರುತ್ತದೆ. ಆ ವಾರವೆಲ್ಲ ಸಂಜೆ ಪೂರ್ವದಲ್ಲಿ ಮೂಡಿ, ಮಧ್ಯರಾತ್ರಿಗೆ ಎತ್ತರಕ್ಕೆ ಬಂದು, ಬೆಳಗಿನ ಜಾವ ಪಶ್ಚಿಮಕ್ಕೆ ಇಳಿಯುತ್ತದೆ. ಬರಿಗಣ್ಣಿಗೆ ಕಾಣುತ್ತದೆ. ಉಂಗುರ ನೋಡಲು 25 ಪಟ್ಟು ಹಿಗ್ಗಿಸುವ ಸಣ್ಣ ದುರ್ಬೀನು ಸಾಕು. ಅಕ್ಟೋಬರ್ 3 ಶನಿವಾರ.